ಎಲೆ ಉದುರಿಸಿದ ಗೇರು

ನನ್ನ ಹೆಂಡತಿ ತೀರಿಕೊಂಡ ವರ್ಷದ ಬೇಸಿಗೆಯಲ್ಲೇ ನಮ್ಮ ಹೋಟೆಲಿನ ಹಿಂದಿದ್ದ ಗೇರು ಮರ ಎಲೆ ಉದುರಿಸಿತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಗಳಾಗಿದ್ದವು. ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ಸಾಲು ಮುಗಿಯುವ ಕಡೆ, ನಮ್ಮದೊಂದು ಇಡ್ಲಿ ದೋಸೆಯ ಹೋಟೆಲು. ಕೆಳಗೆ ಹೋಟೆಲು, ಮೇಲೆ ಎರಡು ಕೋಣೆಯ ಮನೆ, ಹಿಂದೆ ಪಾತ್ರೆ ತೊಳೆಯುವ ಕಟ್ಟೆ, ಕಟ್ಟೆಯ ಆಚೆ ಒಂದಿಷ್ಟು ಮಣ್ಣು. ಆ ಮಣ್ಣಿನಲ್ಲಿ ಆ ಮರವಿತ್ತು.

ಮದುವೆಯಾಗಿ ಅವಳನ್ನು ಮೊದಲ ಸಲ ಇಲ್ಲಿಗೆ ಕರೆತಂದಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಬಟ್ಟೆಯ ಗಂಟು ಇತ್ತು. ಹಪ್ಪಳವೋ ಸಂಡಿಗೆಯೋ ಇರಬೇಕೆಂದು ಬಿಚ್ಚಿದೆ. ಒಂದು ಹಿಡಿ ಗೇರುಬೀಜ. ಸುಟ್ಟು ತಿನ್ನಲಿ ಎಂದು ಅವಳ ತಾಯಿ ಕಟ್ಟಿಕೊಟ್ಟಿದ್ದರು. ಊರಿನಲ್ಲಾದರೆ ಅಂಗಳದಲ್ಲಿ ತರಗೆಲೆಯ ಬೆಂಕಿ ಹಾಕಿ ಸುಡಬಹುದು. ಇಲ್ಲಿ ಗ್ಯಾಸಿನ ಒಲೆಯ ಮೇಲೆ ಸುಟ್ಟರೆ ಸಿಪ್ಪೆಯ ಎಣ್ಣೆ ಸಿಡಿದು ಬೀದಿಯ ತುಂಬ ಹೊಗೆಯಾದೀತು. ಹಾಗಾಗಿ ಅವಳು ಅವನ್ನು ಹಿಂದಿನ ಮಣ್ಣಿನಲ್ಲಿ ಹೂತಳು.

ಗೇರಿನ ಮೊಳಕೆ ತಿನ್ನಲು ಬಹಳ ರುಚಿ. ನಮ್ಮ ಅಡುಗೆಯ ಭಟ್ಟರು ಕುಂದಾಪುರದ ಕಡೆಯವರು. ಮೊಳಕೆ ತಲೆ ಎತ್ತಿದ ಹಾಗೆಲ್ಲ ಬೆಳಿಗ್ಗೆ ಎದ್ದು ಒಂದೊಂದಾಗಿ ಕಿತ್ತು ತಿಂದರು. ಕೊನೆಗೆ ಒಂದು ಉಳಿದಾಗ ಅವಳು ಅದರ ಮೇಲೆ ಹಳೆಯದೊಂದು ಬುಟ್ಟಿ ಕವುಚಿಟ್ಟಳು.

“ಭಟ್ರೇ, ಇದೊಂದಕ್ಕೆ ಕೈ ಹಾಕಿದ್ರೆ ನಾಳೆಯಿಂದ ನಿಮ್ಗೆ ಕಾಫಿ ಇಲ್ಲ.”

“ಇಲ್ಲಮ್ಮ, ಇಲ್ಲ. ನಾನು ಬಗ್ಗಿ ವಾಸನೆ ನೋಡಿದ್ದು ಅಷ್ಟೆ.”

ಹಾಗೆ ಉಳಿದ ಮರ ಅದು. ನಮ್ಮ ಮಗಳಿಗಿಂತ ಒಂದು ವರ್ಷ ದೊಡ್ಡದು.

ನಮ್ಮ ಕರಾವಳಿಯ ಕಡೆ ಗೇರಿಗೆ ಯಾರೂ ನೀರು ಹಾಕುವುದಿಲ್ಲ. ಗುಡ್ಡದ ಗಟ್ಟಿ ಕೆಂಪು ಮುರಕಲ್ಲಿನ ಮೇಲೆ ಅದು ತಾನಾಗಿ ಬೆಳೆಯುತ್ತದೆ. ನೀರು ಹಾಕುವುದೇನಿದ್ದರೂ ತೆಂಗಿಗೆ, ಮಲ್ಲಿಗೆಗೆ. ಆದರೆ ಈ ಒಂದು ಗೇರಿಗೆ ಅವಳು ದಿನಾ ನೀರು ಹಾಕಿದಳು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮರುದಿನದ ಇಡ್ಲಿ ದೋಸೆಗೆ ಅಕ್ಕಿ ಉದ್ದು ತೊಳೆದು ನೆನೆಹಾಕುವುದು ಅವಳ ಕೆಲಸ. ತೊಳೆದ ಬಿಳಿ ನೀರನ್ನು ಮೋರಿಗೆ ಬಿಡಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಬಕೆಟ್ಟಿನಲ್ಲಿ ಹಿಡಿದು ಮರದ ಬುಡಕ್ಕೆ ಸುರಿಯುತ್ತಿದ್ದಳು. ಮಳೆಗಾಲದಲ್ಲೂ ಬಿಡುತ್ತಿರಲಿಲ್ಲ. ಸುರಿದ ಮೇಲೆ ಖಾಲಿ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕುಳಿತು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು. ದಿನದಲ್ಲಿ ಅವಳು ಕುಳಿತುಕೊಳ್ಳುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ಮರ ಚೆನ್ನಾಗಿ ಬೆಳೆಯಿತು. ಅಂಗೈಗಿಂತ ದೊಡ್ಡ ಎಲೆಗಳು, ದಟ್ಟ ನೆರಳು. ಹೂ ಮಾತ್ರ ಹೆಸರಿಗೆ ಅಷ್ಟು, ಒಂದೆರಡು ಗೊಂಚಲು ಬಂದರೆ ಬಂತು. ಊಟಕ್ಕೆ ಬರುವ ಕಾರ್ಖಾನೆಯವರು ಕೈ ತೊಳೆಯಲು ಹಿಂದೆ ಹೋದಾಗ ಮರ ನೋಡಿ, ಇದು ನಿಜವಾಗಿಯೂ ಕಾಜುವಿನ ಮರವೇ ಎಂದು ಕೇಳುತ್ತಿದ್ದರು. ಹಾಗಾದರೆ ಕಾಜು ಎಲ್ಲಿ ಎಂದೂ ಕೇಳುತ್ತಿದ್ದರು. “ಮುಂದಿನ ವರ್ಷ” ಎಂದು ಅವಳು ಗುಜರಾತಿಯಲ್ಲಿ ಹೇಳುತ್ತಿದ್ದಳು. ಅದನ್ನು ಪ್ರತಿ ವರ್ಷವೂ ಹೇಳಿದಳು.

ಫೆಬ್ರವರಿಯಲ್ಲಿ ಅವಳಿಗೆ ಜ್ವರ ಬಂತು. ಸಾಧಾರಣ ಜ್ವರವೆಂದು ಎರಡು ದಿನ ಕೆಲಸ ಮಾಡಿಕೊಂಡೇ ಇದ್ದಳು. ಆಮೇಲೆ ಉಸಿರಾಟಕ್ಕೆ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು. ಅವಳು ಮನೆಗೆ ಬರಲಿಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ.

ಹೋಟೆಲಿಗೆ ಬೀಗ ಹಾಕಿ ಊರಿಗೆ ಹೋದೆವು. ಕ್ರಿಯೆಗಳೆಲ್ಲ ಅಲ್ಲೇ ಆದವು. ಮಗಳು ಪರೀಕ್ಷೆ ಬರೆಯಲು ನಡುವೆ ವಡೋದರಾಕ್ಕೆ ಬಂದು ಹೋದಳು. ಭಟ್ಟರು ತಮ್ಮ ಮನೆಗೆ ಹೋಗಿದ್ದವರು ನಾವು ಹೊರಡುವಾಗ ಬಂದು ಸೇರಿಕೊಂಡರು. ಮತ್ತೆ ಮಕರಪುರ ಮುಟ್ಟುವಾಗ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ವಡೋದರಾದ ಬಿಸಿಲು ಅಷ್ಟು ಹೊತ್ತಿಗೆ ಹೇಗಿರುತ್ತದೆಂದರೆ ಮಧ್ಯಾಹ್ನ ಹೊರಗಿಟ್ಟ ಪಾತ್ರೆಯನ್ನು ಬಟ್ಟೆ ಹಿಡಿದೇ ಎತ್ತಬೇಕು.

ಹಿಂದಿನ ಬಾಗಿಲು ತೆರೆದರೆ ಅಂಗಳದಲ್ಲಿ ಬೆಳಕೇ ಬೆಳಕು. ಅಲ್ಲಿ ಅಷ್ಟು ಬೆಳಕನ್ನು ನಾನು ಎಂದೂ ನೋಡಿರಲಿಲ್ಲ. ನೆರಳಿರಲಿಲ್ಲ. ಒಣ ಎಲೆಗಳು ಕಟ್ಟೆಯವರೆಗೆ ರಾಶಿ ಬಿದ್ದಿದ್ದವು. ಕೊಂಬೆಗಳ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಎಲೆಯ ಗುಂಪು ಉಳಿದಿತ್ತು. ಅವೂ ಬಿಸಿಲಿಗೆ ಬೆನ್ನು ಕೊಟ್ಟವರ ಹಾಗೆ ಅಡ್ಡ ತಿರುಗಿ ಜೋತು ಬಿದ್ದಿದ್ದವು.

ಕಟ್ಟಡದ ಯಜಮಾನರು ಪಕ್ಕದ ಗಲ್ಲಿಯಲ್ಲೇ ಇದ್ದರು. ವಯಸ್ಸಾದವರು, ನಾವು ಕಾಕಾ ಎನ್ನುತ್ತಿದ್ದೆವು. ದಕ್ಷಿಣದವರನ್ನೆಲ್ಲ ಅಲ್ಲಿ ಕರೆಯುವ ಹಾಗೆ ಅವರು ನನ್ನನ್ನು ಅಣ್ಣಾ ಎಂದೇ ಕರೆಯುತ್ತಿದ್ದರು. ಬಂದು, ನನ್ನ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಹಿಂದೆ ಹೋಗಿ ಮರ ನೋಡಿದರು.

“ಅಣ್ಣಾ, ಆ ಝಾಡ್ ತೋ ಗಯು,” ಎಂದರು. ಈ ಮರ ಹೋಯಿತು.

ಮಳೆಗಾಲದ ಮೊದಲು ಅದನ್ನು ಕಡಿಸಬೇಕೆಂದರು. ಒಂದು ದೊಡ್ಡ ಕೊಂಬೆ ಪಕ್ಕದ ಮೋಟಾರ್ ವೈಂಡಿಂಗ್ ಅಂಗಡಿಯ ತಗಡಿನ ಮೇಲೆ ಚಾಚಿಕೊಂಡಿತ್ತು. ಒಣಗಿದ ಮರ ಮೊದಲ ಗಾಳಿಗೇ ಬೀಳುತ್ತದೆ, ಕೆಳಗೆ ಜನ ಕೆಲಸ ಮಾಡುತ್ತಿರುತ್ತಾರೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇನ್ನೊಂದು ಮಾತನ್ನೂ ಮೆತ್ತಗೆ ಕೇಳಿದರು. ನಾನು ಹೋಟೆಲು ಮುಂದುವರಿಸುತ್ತೇನೋ, ಬಿಡುತ್ತೇನೋ? ಬೇರೆ ಯಾರೋ ಜಾಗ ಕೇಳುತ್ತಿದ್ದಾರೆ. ಅವಸರವಿಲ್ಲ, ಆದರೆ ಮಳೆಗೆ ಮುಂಚೆ ಹೇಳಿದರೆ ಒಳ್ಳೆಯದು.

ಮಳೆ ಬರುವುದರೊಳಗೆ ಹೇಳುತ್ತೇನೆ ಎಂದೆ. ಆ ಹೊತ್ತಿನಲ್ಲೇ ಮನಸ್ಸಿನಲ್ಲಿ ಒಂದು ತೀರ್ಮಾನ ಬಂದು ಕುಳಿತಿತು. ಮರ ಸತ್ತಿದ್ದರೆ ಬೀಗದ ಕೈ ಕೊಟ್ಟು ಹೋಗಿಬಿಡುವುದು. ಬದುಕಿದ್ದರೆ ಇರುವುದು. ಇದರಲ್ಲಿ ಅರ್ಥವೇನೂ ಇರಲಿಲ್ಲ. ಆದರೆ ಆ ದಿನಗಳಲ್ಲಿ ನನಗೆ ಯಾವುದನ್ನೂ ನಾನಾಗಿ ತೀರ್ಮಾನಿಸುವ ಶಕ್ತಿ ಇರಲಿಲ್ಲ. ಬೇರೆ ಯಾರಾದರೂ ತೀರ್ಮಾನಿಸಲಿ ಎಂದು ಕಾಯುತ್ತಿದ್ದೆ. ಮರವಾದರೂ ಸರಿ. ಮಗಳು ಹನ್ನೆರಡನೆಯ ತರಗತಿಗೆ ಬಂದಿದ್ದಳು, ಅವಳ ಗೆಳತಿಯರು, ಟ್ಯೂಷನ್, ಭಾಷೆ ಎಲ್ಲ ಇಲ್ಲಿಯದು. ಊರಿಗೆ ಹೋದರೆ ಅವಳ ಗತಿಯೇನು ಎಂಬುದು ಗೊತ್ತಿತ್ತು. ಗೊತ್ತಿದ್ದೂ ಅದನ್ನು ಮರದ ಮೇಲೆ ಬಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ.

ಹೋಟೆಲನ್ನು ಬೆಳಗಿನ ಹೊತ್ತು ಮಾತ್ರ ತೆರೆದೆವು. ಭಟ್ಟರು ಇಡ್ಲಿ, ಉಪ್ಪಿಟ್ಟು, ಚಹಾ ನೋಡಿಕೊಳ್ಳುತ್ತಿದ್ದರು. ನಾನು ಮರಕ್ಕೆ ನೀರು ಹಾಕುತ್ತಿದ್ದೆ. ಬಕೆಟ್ಟಿನಲ್ಲಿ ಅಲ್ಲ. ಬೋರಿನ ಪೈಪನ್ನು ತಂದು ಬುಡದಲ್ಲಿ ಬಿಟ್ಟು ಹರಿಸಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬುಡದ ಸುತ್ತ ಮಣ್ಣಿನ ದಿಂಡು ಕಟ್ಟಿದ್ದೆ. ಅದರಲ್ಲಿ ನೀರು ಕೆರೆಯ ಹಾಗೆ ನಿಲ್ಲುತ್ತಿತ್ತು.

“ಎಂಥ ಮಾರಾಯ್ರೆ,” ಎಂದರು ಭಟ್ಟರು, ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತು. “ಗೇರಿಗೆ ನೀರು ಹಾಕುದಾ? ಅಮ್ಮ ಒಂದು ಬಕೆಟ್ ಹಾಕುವಾಗಲೇ ನಾನು ನಗಾಡ್ತಿದ್ದೆ. ನೀವು ಗದ್ದೆ ಮಾಡಿದ್ದೀರಲ್ಲ. ನಾಳೆ ನೇಜಿ ನೆಡುವ ಅಂದಾಜು ಉಂಟಾ?”

“ಎಲೆ ನೋಡಿ ಭಟ್ರೇ. ಒಣಗಿದೆ.”

“ಒಣಗ್ತದೆ, ಚಿಗುರ್ತದೆ. ಗೇರು ಸಾಯ್ಲಿಕ್ಕಿಲ್ಲ. ನಮ್ಮ ಗುಡ್ಡೆಯಲ್ಲಿ ಬೆಂಕಿ ಬಿದ್ದದ್ದೇ ಸತ್ತಿಲ್ಲ.”

ಗುಡ್ಡೆಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುತ್ತದೆ, ಇಲ್ಲಿ ಎಲ್ಲಿದೆ ಎಂದೆ. ಭಟ್ಟರು ಸೌಟು ಅಲ್ಲಾಡಿಸಿ ಒಳಗೆ ಹೋದರು.

ಮಗಳು ನೀರಿನ ವಿಷಯ ಎತ್ತಲಿಲ್ಲ. ಅವಳ ಕನ್ನಡ ಅಷ್ಟಕ್ಕಷ್ಟೆ. ಅಮ್ಮನೊಡನೆ ಮಾತ್ರ ಕನ್ನಡ ಆಡುತ್ತಿದ್ದವಳು ಈಗ ನನ್ನೊಡನೆ ಆಡಲು ಹೆಣಗುತ್ತಿದ್ದಳು. “ಪಪ್ಪಾ, ಖಾನಾ ತಿಂದಿದ್ದೀಯಾ?” ಎಂದು ಕೇಳುತ್ತಿದ್ದಳು. ತಿಂದೆ ಎನ್ನುತ್ತಿದ್ದೆ. “ಝೂಟ್,” ಎಂದು ತಟ್ಟೆ ತಂದು ಇಡುತ್ತಿದ್ದಳು. ಅವಳು ಆಸ್ಪತ್ರೆಯಲ್ಲೂ ಅಳಲಿಲ್ಲ, ಊರಿನಲ್ಲೂ ಅಳಲಿಲ್ಲ. ಹೆಂಗಸರು ನನ್ನನ್ನು ಬದಿಗೆ ಕರೆದು, ಹುಡುಗಿಯನ್ನು ಹೇಗಾದರೂ ಅಳಿಸಿ ಎಂದಿದ್ದರು. ಅಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ವಾರ ಕಳೆಯಿತು. ಉಳಿದ ಎಲೆಗಳ ಅಂಚು ಹಳದಿಯಾಯಿತು.

ನಮ್ಮ ಹೋಟೆಲಿಗೆ ಧಾರವಾಡದ ಕಡೆಯ ಒಬ್ಬ ಮೇಡಂ ಬರುತ್ತಿದ್ದರು. ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಕಚೇರಿಯಲ್ಲಿ ಕೆಲಸ, ಮನೆ ಮಣಿನಗರದಲ್ಲಿ. ಅಲ್ಲಿ ಬೆಳಗಿನ ರೈಲು ಹತ್ತಿ ವಡೋದರಾದಲ್ಲಿ ಇಳಿದು, ನಮ್ಮಲ್ಲಿ ತಿಂಡಿ ತಿಂದು, ಆಮೇಲೆ ಊರ ಹೊರಗಿನ ಒಂದು ತೋಟಕ್ಕೆ ಹೋಗುತ್ತಿದ್ದರು. ಅಲ್ಲಿ ಗೇರು, ತೆಂಗು ನೆಟ್ಟು, ಒಂದು ಸಾಲಿಗೆ ಪೂರ್ತಿ ನೀರು, ಒಂದು ಸಾಲಿಗೆ ಅರ್ಧ, ಒಂದು ಸಾಲಿಗೆ ಇಲ್ಲವೇ ಇಲ್ಲ, ಹೀಗೆ ಮಾಡಿ ಯಾವುದು ಹೇಗೆ ತಡೆದುಕೊಳ್ಳುತ್ತದೆ ಎಂದು ನೋಡುವುದು ಅವರ ಕೆಲಸ. ಇದನ್ನೆಲ್ಲ ನನ್ನ ಹೆಂಡತಿ ಅವರಿಂದ ಕೇಳಿ ತಿಳಿದಿದ್ದಳು. ನಾನು ಗಲ್ಲಾದಲ್ಲಿ ಕುಳಿತು ಅವರೊಡನೆ ಚಿಲ್ಲರೆ ಬಿಟ್ಟು ಬೇರೆ ಮಾತಾಡಿದವನಲ್ಲ.

ಆ ದಿನ ಅವರು ಬಹಳ ತಿಂಗಳ ನಂತರ ಬಂದಿದ್ದರು. ಇಡ್ಲಿ ತಟ್ಟೆ ಮುಂದಿಟ್ಟಾಗ ಒಳಗೆ ಇಣುಕಿ ನೋಡಿದರು.

“ಅಕ್ಕಾರು ಕಾಣಸ್ತಿಲ್ಲಲ್ರಿ?”

“ತೀರಿಹೋದ್ಲು ಮೇಡಂ. ಫೆಬ್ರವರಿಯಲ್ಲಿ.”

ಅವರು ಚಮಚ ಕೆಳಗಿಟ್ಟರು. ತಿಂಡಿ ಅರ್ಧ ಬಿಟ್ಟು ಕೈ ತೊಳೆಯಲು ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಅವರ ಧ್ವನಿ ಕೇಳಿಸಿತು.

“ಏನ್ ಮಾಡೀರಿ ಇದಕ್ಕ?”

ಹೋಗಿ ನೋಡಿದರೆ ದಿಂಡಿನ ಹತ್ತಿರ ನಿಂತಿದ್ದಾರೆ, ಚಪ್ಪಲಿ ಕೆಸರಾಗಿದೆ.

“ನೀರು ಹಾಕ್ತಾ ಇದ್ದೇನೆ ಮೇಡಂ.”

“ಅದು ಕಾಣಸ್ತದ. ಎಷ್ಟು ಹಾಕ್ತೀರಿ?”

“ಹಿಡಿಯುವಷ್ಟು.”

“ಹಿಡಿಯೂದು ಯಾವಾಗೋ ಬಿಟ್ಟದ ಅದು.” ಅವರು ಒಂದು ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದರು. ಒಳಗೆ ಹಸಿರು ಕಂಡಿತು. ಇನ್ನೊಂದು ಕೊಂಬೆ ಕೆರೆದರು, ಹಸಿರು. ತಗಡಿನ ಮೇಲೆ ಚಾಚಿದ್ದ ಕೊಂಬೆ ಕೆರೆದರು. ಅದು ಒಳಗೂ ಕಂದು, ಒಣ ಕಟ್ಟಿಗೆ.

“ಇದೊಂದು ಹೋಗ್ಯದ. ಮರ ಸತ್ತಿಲ್ರಿ. ಬಾಯಿ ಮುಚ್ಕೊಂಡು ಕೂತದ, ಅಷ್ಟ.”

ನಾನು ಪಾತ್ರೆಯ ಕಟ್ಟೆಯ ಮೇಲೆ ಕುಳಿತೆ.

ಅವರು ನಿಂತುಕೊಂಡೇ ಹೇಳಿದರು. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ. ಅವುಗಳ ಮೂಲಕವೇ ಮರ ಗಾಳಿ ಒಳಗೆ ತೆಗೆದುಕೊಂಡು ಅನ್ನ ಮಾಡಿಕೊಳ್ಳುತ್ತದೆ. ಆದರೆ ಬಾಯಿ ತೆರೆದಾಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಬೇರಿಗೆ ನೀರು ಸಿಗದಾಗ, ಗಾಳಿ ತೀರಾ ಒಣಗಿದಾಗ, ಗೇರು ಬೇಗ ಬಾಯಿ ಮುಚ್ಚುತ್ತದೆ. ಬೆಳಗಿನ ತಂಪಿನಲ್ಲಿ ಸ್ವಲ್ಪ ಹೊತ್ತು ತೆರೆಯುತ್ತದೆ, ಬಿಸಿಲೇರಿದ ಕೂಡಲೇ ಮುಚ್ಚುತ್ತದೆ. ಅದೂ ಸಾಲದಾದಾಗ ಹಳೆಯ ಎಲೆಗಳನ್ನು ಮೊದಲು ಉದುರಿಸುತ್ತದೆ. ಎಲೆ ಕಡಿಮೆಯಾದರೆ ಖರ್ಚು ಕಡಿಮೆ.

“ಅಂದ್ರ ಇದು ತಾನ ಉದುರಿಸಿದ್ದು. ಬಿದ್ದು ಹೋಗಿದ್ದಲ್ಲ. ತುದಿಯೊಳಗ ನಾಕು ಎಲಿ ಇಟ್ಕೊಂಡದ ನೋಡ್ರಿ, ಮುಂದಕ್ಕ ಬೇಕಂತ.”

“ಹಾಗಾದ್ರೆ ನೀರು ಹಾಕಿದ ಮೇಲೂ ಯಾಕೆ ಹೀಗೇ ಉಂಟು ಮೇಡಂ?”

“ನೀರಿನ್ಯಾಗ ಮುಳುಗಿಸಿಬಿಟ್ಟೀರಲ್ಲ. ಬೇರಿಗೂ ಉಸಿರು ಬೇಕ್ರಿ. ಮಣ್ಣಿನ ಸಂದ್ಯಾಗ ಗಾಳಿ ಇರ್ಬೇಕು. ನೀರ ತುಂಬಿ ನಿಂತ್ರ ಬೇರು ಉಸಿರು ಕಟ್ಟಿ ಕೆಲಸ ನಿಲ್ಲಸ್ತದ. ಆಗೂ ಎಲಿ ಬಾಯಿ ಮುಚ್ಚತದ. ನೀರಿಲ್ಲಂದ್ರೂ ಅದ, ಹೆಚ್ಚಾದ್ರೂ ಅದ. ಮ್ಯಾಲಿಂದ ನೋಡಿದ್ರ ಎರಡೂ ಒಂದ ಥರಾ ಕಾಣಸ್ತಾವ. ಪಾಪ, ನಿಮಗ ಹೆಂಗ ಗೊತ್ತಾಗಬೇಕು.”

ಆಮೇಲೆ ಅಕ್ಕಿ ತೊಳೆದ ನೀರಿನ ಕಥೆ ಹೇಳಿದೆ. ಅವರು ತಲೆಯಾಡಿಸಿದರು. ದಿನಾ ಬುಡದಲ್ಲೇ ಮೇಲೆ ಮೇಲೆ ನೀರು ಸಿಗುತ್ತಿದ್ದುದರಿಂದ ಬೇರುಗಳು ಆಳಕ್ಕೆ ಇಳಿಯುವ ಗೋಜಿಗೆ ಹೋಗಿಲ್ಲ, ಅದಕ್ಕೇ ನೀರು ಸಿಗದಾದ ಕೂಡಲೇ ಇಷ್ಟು ಬಳಲಿದೆ ಎಂದರು. ಹೂ ಬಿಡದಿರುವುದಕ್ಕೂ ಅದೇ ಕಾರಣ. ಮಳೆಗಾಲ ಕಳೆದ ಮೇಲೆ ಸ್ವಲ್ಪ ದಿನ ಒಣಗಿದರೆ ಮರ ಎಲೆ ಬೆಳೆಸುವುದನ್ನು ನಿಲ್ಲಿಸಿ ಹೂವಿಗೆ ಮನಸ್ಸು ಮಾಡುತ್ತದೆ. ಇದಕ್ಕೆ ಆ ಒಣ ದಿನಗಳೇ ಸಿಕ್ಕಿರಲಿಲ್ಲ.

“ಅಂದ್ರೆ ಅವಳು ಹಾಕಿದ್ದು ತಪ್ಪಾ ಮೇಡಂ?”

“ಯಾರಂದ್ರು?” ಅವರು ಸ್ವಲ್ಪ ಗಡುಸಾಗಿಯೇ ಹೇಳಿದರು. “ಸಣ್ಣ ಗಿಡ ಇದ್ದಾಗ ಅವರು ನೀರ ಹಾಕಿರಲಿಲ್ಲಂದ್ರ ಈ ಬಿಸಿಲಿಗೆ ಮೊದಲನೇ ವರ್ಷನ ಹೋಗ್ತಿತ್ತು. ಇಷ್ಟು ಮರ ಆಗ್ಯದ ಅಂದ್ರ ಅವರ ಕೈಯಿಂದ. ಈಗ ದೊಡ್ಡದಾಗ್ಯದ, ಈಗಿನ ರೀತಿ ಬ್ಯಾರೆ. ಅಷ್ಟ.”

ಅವರು ಹೇಳಿದ ಪ್ರಕಾರ ದಿಂಡು ಒಡೆದು ನೀರು ಹೊರಗೆ ಬಿಟ್ಟೆ. ಬುಡ ಆರಲು ಬಿಡಬೇಕು. ಆಮೇಲೆ ಕೊಂಬೆಗಳ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಸುತ್ತಲೂ ಒಂದು ಸಣ್ಣ ಕಾಲುವೆ ತೋಡಿ, ಒಂದು ಸಲ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು. ಕೊಟ್ಟ ಮೇಲೆ ಮಣ್ಣು ಒಣಗುವವರೆಗೆ ಮುಟ್ಟಬಾರದು.

“ಬದುಕಿತು ಅಂತ ನನಗೆ ಹೇಗೆ ಗೊತ್ತಾಗುದು?” ಎಂದು ಕೇಳಿದೆ. ಮಳೆಗಾಲ ಹತ್ತಿರ ಬರುತ್ತಿತ್ತು, ಕಾಕಾ ಕಡಿಯುವವನಿಗೆ ಹೇಳಿಯಾಗಿತ್ತು.

ಎಲೆಗೆ ಕಚ್ಚಿಸಿ ನೋಡುವ ಯಂತ್ರವೊಂದು ತಮ್ಮ ಹತ್ತಿರ ಇದೆ, ಆದರೆ ಅದು ತೋರಿಸುವ ಅಂಕಿ ನಿಮಗೆ ಬೇಡ ಎಂದರು. ಸುತ್ತ ನೋಡಿ, “ಸಾಂಬಾರು ಪಾರ್ಸೆಲ್ ಕಟ್ಟೋ ಚೀಲ ಅವಲ್ಲ, ಒಂದೆರಡು ತರ್ರಿ,” ಎಂದರು.

ತಂದೆ. ಎಲೆ ಉಳಿದಿದ್ದ ಒಂದು ತುದಿಗೆ ಆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದರು. ಎಲೆ ಬಾಯಿ ತೆರೆದರೆ ಒಳಗಿನ ಆವಿ ಚೀಲಕ್ಕೆ ಅಂಟುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಕಟ್ಟಬೇಕು, ಒಂದು ಗಂಟೆ ಬಿಟ್ಟು ನೋಡಿ ಬಿಚ್ಚಬೇಕು. ಹೆಚ್ಚು ಹೊತ್ತು ಬಿಟ್ಟರೆ ಎಲೆ ಬೆಂದು ಹೋಗುತ್ತದೆ. ಮಧ್ಯಾಹ್ನ ಕಟ್ಟಿದರೆ ಏನೂ ಬರಲಿಕ್ಕಿಲ್ಲ, ಅದಕ್ಕೆ ಹೆದರಬಾರದು.

ಅವರು ತೋಟಕ್ಕೆ ಹೊರಟಾಗ ತಿಂಡಿಯ ದುಡ್ಡು ಬೇಡವೆಂದೆ. ಅವರು ಕೇಳಲಿಲ್ಲ.

ಅಂದಿನಿಂದ ಬೆಳಗಿನ ನನ್ನ ಕೆಲಸ ಅದೇ ಆಯಿತು. ಎದ್ದ ಕೂಡಲೇ ಚೀಲ ಕಟ್ಟುವುದು, ಮೊದಲ ಇಡ್ಲಿ ಇಳಿಯುವ ಹೊತ್ತಿಗೆ ಹೋಗಿ ನೋಡುವುದು. ಚೀಲ ಒಣಗಿಯೇ ಇರುತ್ತಿತ್ತು. ಬುಡ ಆರಿತು. ಕಾಲುವೆ ತೋಡಿದೆ. ಒಂದು ಸಂಜೆ ಪೈಪನ್ನು ಸಣ್ಣಗೆ ಬಿಟ್ಟು ಸುತ್ತಲೂ ಸರಿಸುತ್ತಾ ನೀರು ಕೊಟ್ಟೆ. ಮರುದಿನವೂ ಚೀಲ ಒಣಗಿತ್ತು. ಅದರ ಮರುದಿನವೂ. ನೀರು ಹಾಕದೆ ಕೈ ಕಟ್ಟಿ ಕೂರುವುದು ನೀರು ಹಾಕುವುದಕ್ಕಿಂತ ಕಷ್ಟ. ಪೈಪು ಕಣ್ಣಿಗೆ ಬೀಳಬಾರದೆಂದು ಅದನ್ನು ಸುತ್ತಿ ಅಟ್ಟದ ಮೇಲೆ ಹಾಕಿದೆ.

ಕಡಿಯುವವನು ಬರುವ ದಿನ ಬಂತು. ಆ ಬೆಳಿಗ್ಗೆ ಚೀಲ ಕಟ್ಟಿ ಒಳಗೆ ಹೋದವನು ಗಿರಾಕಿಗಳ ನಡುವೆ ಕುಳಿತುಬಿಟ್ಟೆ. ನೋಡಲು ಧೈರ್ಯ ಬರಲಿಲ್ಲ. ಮಗಳೇ ಹಿಂದಿನಿಂದ ಕೂಗಿದಳು.

“ಪಪ್ಪಾ! ಇಧರ್ ಬಾ! ಥೈಲಿಯಲ್ಲಿ ನೀರು ಇದೆ!”

ಹೋದೆ. ಚೀಲದ ಒಳಗೆಲ್ಲ ಮಂಜು ಹಿಡಿದಿತ್ತು. ಮೂಲೆಯಲ್ಲಿ ಸಣ್ಣ ಸಣ್ಣ ಹನಿ ಕೂಡಿದ್ದವು. ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಮುಖಕ್ಕೆ ಹಾಕಿದ್ದ ಆಕ್ಸಿಜನ್ ಮಾಸ್ಕಿನೊಳಗೆ ಹೀಗೆಯೇ ಮಂಜು ಮೂಡುತ್ತಿತ್ತು, ಮಾಯುತ್ತಿತ್ತು. ಆ ಮೂರು ದಿನ ನಾನು ಅದನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಈಗ ಈ ಚೀಲದ ಎದುರು ನಿಂತಾಗ ಅದು ನೆನಪಾಯಿತು. ಆದರೆ ಹೆದರಿಕೆಯಾಗಲಿಲ್ಲ. ಎದೆಯ ಮೇಲಿಂದ ಯಾರೋ ಅಕ್ಕಿ ಮೂಟೆ ಎತ್ತಿದ ಹಾಗೆ ಹಗುರವಾಯಿತು. ಉಸಿರು ಪೂರ್ತಿಯಾಗಿ ಎಳೆದುಕೊಂಡೆ. ಎಷ್ಟೋ ದಿನಗಳಿಂದ ಅರ್ಧ ಉಸಿರಿನಲ್ಲೇ ಇದ್ದೆ ಎಂಬುದು ಆಗಲೇ ಗೊತ್ತಾದದ್ದು.

ಅಷ್ಟರಲ್ಲಿ ಕಾಕಾ ಕೊಡಲಿಯವನೊಡನೆ ಬಂದರು. ಮಗಳು ಅವರ ಕೈ ಹಿಡಿದು ಮರದ ಹತ್ತಿರ ಎಳೆದುಕೊಂಡು ಹೋಗಿ, ಅವರದೇ ಗುಜರಾತಿಯಲ್ಲಿ ಎಲ್ಲ ವಿವರಿಸಿದಳು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಚೀಲವನ್ನು ಹತ್ತಿರದಿಂದ ನೋಡಿದರು.

“ಝಾಡ್‌ನೇ ಪಣ್ ಪರಸೇವೋ?” ಎಂದರು. ಮರಕ್ಕೂ ಬೆವರೇ?

“ಹೌದು ಕಾಕಾ. ಇದು ಜೀವ ಇರುವುದರ ಬೆವರು,” ಎಂದೆ.

ಕೊಡಲಿಯವನಿಗೆ ಇದಾವುದೂ ಬೇಕಿರಲಿಲ್ಲ. ಬಂದದ್ದಕ್ಕೆ ಏನಾದರೂ ಕಡಿಯಬೇಕಲ್ಲ ಎಂದ. ತಗಡಿನ ಮೇಲಿನ ಒಣ ಕೊಂಬೆಯನ್ನು ತೋರಿಸಿದೆ. ಅದನ್ನು ಕಡಿದು ಇಳಿಸಿದ. ವೈಂಡಿಂಗ್ ಅಂಗಡಿಯವರು ಹೊರಗೆ ಬಂದು ಕೈ ಮೇಲೆತ್ತಿ ಸಾಕು ಎಂದರು. ಕಾಕಾ ಹೊರಡುವಾಗ ನಾನಾಗಿಯೇ ಹೇಳಿದೆ: “ಕಾಕಾ, ಜಾಗ ಬೇರೆಯವರಿಗೆ ಕೊಡಬೇಡಿ. ನಾನು ಇರ್ತೇನೆ.” ಅವರು ತಿರುಗಿ ನೋಡಿ, ಚಹಾ ಹೇಳು ಎಂದು ಬೆಂಚಿನ ಮೇಲೆ ಕುಳಿತರು.

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. “ಜಾನಾ ಥಾ ಕ್ಯಾ, ಪಪ್ಪಾ? ನಾವು ಹೋಗ್ತಾ ಇದ್ವಾ?” ಎಂದಳು. ಇಲ್ಲ ಎಂದೆ. ಅವಳು ಆ ದಿನ ಟ್ಯೂಷನ್ನಿಗೆ ಸೈಕಲ್ ಹತ್ತಿ ಹೋಗುವಾಗ ಗಂಟೆಯನ್ನು ಸುಮ್ಮಸುಮ್ಮನೆ ಬಾರಿಸುತ್ತಾ ಹೋದಳು.

ಮಳೆಗೆ ಮುಂಚೆಯೇ ಕೆಂಪು ಚಿಗುರು ಬಂತು. ಭಟ್ಟರು ಒಂದನ್ನು ಚಿವುಟಿ ಬಾಯಿಗೆ ಹಾಕಿಕೊಂಡು, ಒಗರು ಸರಿಯಾಗಿದೆ ಎಂದರು. ಆ ವರ್ಷ ಮಳೆ ಸುರುವಿನಲ್ಲಿ ಬಂದು ಆಮೇಲೆ ಕೈಕೊಟ್ಟಿತು. ಮರ ಅದಕ್ಕೆ ಅಷ್ಟೇನೂ ಅಂಜಲಿಲ್ಲ. ಹೋಟೆಲನ್ನು ಮತ್ತೆ ಪೂರ್ತಿ ದಿನಕ್ಕೆ ತೆರೆದೆವು.

ಮೇಡಂ ಆ ನಡುವೆ ಒಂದೆರಡು ಸಲ ಬಂದರು. ಒಮ್ಮೆ ತೆಂಗಿನ ವಿಷಯ ಹೇಳಿದರು. ತೆಂಗು ಗೇರಿನ ಹಾಗೆ ಎಲೆ ಉದುರಿಸಿ ಹಗುರಾಗುವ ಜಾತಿಯಲ್ಲ. ನೀರಿಲ್ಲದಾಗ ಗರಿ ಜೋಲು ಹಾಕಿ ನಿಂತಿರುತ್ತದೆ, ನೋಡಿದವರಿಗೆ ಚೆನ್ನಾಗಿಯೇ ಇದೆ ಎನಿಸುತ್ತದೆ. ಈ ಬೇಸಿಗೆಯ ಬಾಯಾರಿಕೆ ಅದರ ಕಾಯಿಯಲ್ಲಿ ಕಾಣುವುದು ಬಹಳ ತಡವಾಗಿ, ಮಳೆ ಬಂದು ಎಲ್ಲರೂ ಮರೆತ ಮೇಲೆ. “ಆಗ ಜನ ಕೇಳ್ತಾರ, ಈಗ ನೀರದ ಅಲ್ಲ, ಈಗ್ಯಾಕ ಕಾಯಿ ಉದುರ್ತಾವ ಅಂತ.”

ನಾನು ಮಗಳ ಕಡೆ ನೋಡಿದೆ. ಅವಳು ಮೂಲೆಯ ಮೇಜಿನಲ್ಲಿ ಪುಸ್ತಕ ಹರಡಿಕೊಂಡು ಕುಳಿತಿದ್ದಳು.

ನವರಾತ್ರಿಯಲ್ಲಿ ಅವಳು ಗೆಳತಿಯರೊಡನೆ ಗರ್ಬಾ ಕುಣಿತಕ್ಕೆ ಹೊರಟಾಗ ಅಷ್ಟು ದಿನ ಬಾರದ ಅಳು ಬಂತು. ಕುಣಿತಕ್ಕೆ ತೊಡುವ ಲಂಗ ರವಿಕೆ, ಚನಿಯಾ ಚೋಳಿಯ ಬೆನ್ನಿನ ದಾರ ಕಟ್ಟಲು ಅವಳಿಗೆ ಕೈ ಎಟುಕಲಿಲ್ಲ. ನನ್ನ ಹತ್ತಿರ ಬಂದು ಬೆನ್ನು ತಿರುಗಿಸಿ ನಿಂತಳು. ನಾನು ಪಾರ್ಸೆಲ್ ಪೊಟ್ಟಣಕ್ಕೆ ಹಾಕುವ ಗಂಟನ್ನೇ ಹಾಕಿದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಗೆಳತಿಯರು ಕೆಳಗೆ ಕಾಯುತ್ತಿದ್ದರು. ಯಾಕೆ ಈಗ ಎಂದು ನಾನು ಕೇಳಲಿಲ್ಲ. ಪಕ್ಕದಲ್ಲಿ ಕುಳಿತೆ. ಅವಳು ಮುಖ ತೊಳೆದುಕೊಂಡು ಗರ್ಬಾಕ್ಕೆ ಹೋದಳು. ನನಗೆ ದೊಡ್ಡ ಸಮಾಧಾನವಾಯಿತು.

ದಸರಾ ಕಳೆದ ಮೇಲೆ ಮೇಡಂ ಹೇಳಿದ್ದರು, ಇನ್ನು ಹೂ ಬಂದು ಕಾಯಿ ಬಟಾಣಿ ಗಾತ್ರವಾಗುವವರೆಗೆ ಒಂದು ತಂಬಿಗೆಯೂ ಹಾಕಬೇಡಿ, ಕಾಯಿ ಕಟ್ಟಿದ ಮೇಲೆ ಕೊಟ್ಟರೆ ಉದುರುವುದಿಲ್ಲ, ಬೀಜ ತುಂಬುತ್ತದೆ. ಅಕ್ಕಿ ತೊಳೆದ ನೀರನ್ನು ಕಾಕಾನ ಮನೆಯ ಎಮ್ಮೆಗೆ ಕಳುಹಿಸತೊಡಗಿದೆವು.

“ಹಾಕ್ಬೇಡಿ ಅಂತ ನಾನು ಮೊದಲೇ ಹೇಳ್ಲಿಲ್ವಾ?” ಎಂದರು ಭಟ್ಟರು. “ನಾನು ಹೇಳಿದ್ರೆ ತಲೆಗೆ ಹೋಗುದಿಲ್ಲ. ಮಣಿನಗರದಿಂದ ರೈಲಲ್ಲಿ ಬಂದು ಹೇಳಿದ್ರೆ ಹೋಗ್ತದೆ.”

“ನೀವು ಯಾಕೆ ಅಂತ ಹೇಳ್ಲಿಲ್ಲ ಭಟ್ರೇ.”

“ಯಾಕೆ ಅಂತ ಗೊತ್ತಿದ್ರೆ ನಾನು ನಿಮ್ಮಲ್ಲಿ ಇಡ್ಲಿ ಬೇಯಿಸ್ತಿದ್ನಾ?”

ಮಣ್ಣು ಬಿರುಕು ಬಿಟ್ಟಿತು. ಎಲೆ ಸ್ವಲ್ಪ ಮಂಕಾಯಿತು. ದಿನಕ್ಕೆ ಹತ್ತು ಸಲ ಹಿಂದೆ ಹೋಗಿ ನೋಡುತ್ತಿದ್ದೆ. ಕೈ ತುರಿಸುತ್ತಿತ್ತು, ಆದರೂ ನೀರು ಹಾಕಲಿಲ್ಲ. ಇದು ಸಾಯುತ್ತಿಲ್ಲ, ಕಾಯುತ್ತಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಡಿಸೆಂಬರಿನಲ್ಲಿ ಕೊಂಬೆಗಳ ತುದಿಯಲ್ಲೆಲ್ಲ ಹೂಗೊಂಚಲು ಹೊರಟವು. ಸಣ್ಣ ಹೂಗಳು, ಬಿಳಿಯ ಮೇಲೆ ಕೆಂಪು ಗೀರು. ಕೈ ತೊಳೆಯಲು ಹೋದವರು ವಾಸನೆ ಏನೆಂದು ಕೇಳುತ್ತಾ ಬಂದರು. ಹೆಚ್ಚಿನ ಹೂ ಉದುರಿದವು. ಅದಕ್ಕೂ ಹೆದರಿ ಮೇಡಂಗೆ ಫೋನು ಮಾಡಿದೆ. ಅಷ್ಟೆಲ್ಲ ಕಾಯಿ ಕಟ್ಟಿದರೆ ಮರ ಹೊರುವುದು ಹೇಗೆ ಎಂದು ನಕ್ಕರು.

ಜನವರಿಯಲ್ಲಿ, ಉತ್ತರಾಯಣದ ಗಾಳಿಪಟಗಳ ಗಲಾಟೆ ಮುಗಿದು ಕಾರ್ಖಾನೆಗಳು ಮತ್ತೆ ತೆರೆದ ದಿನ, ಹೋಟೆಲಿನಲ್ಲಿ ಬೆಳಗ್ಗಿನಿಂದಲೇ ಜನ. ಭಟ್ಟರು ಹಿಟ್ಟು ಸಾಲದು ಎಂದು ಒಳಗಿನಿಂದ ಬೈಯುತ್ತಿದ್ದರು. ಮಧ್ಯಾಹ್ನ ಒಂದು ಗಳಿಗೆ ಬಿಡುವು ಸಿಕ್ಕಾಗ ನೆನಪಾಯಿತು, ಬೆಳಗ್ಗಿನಿಂದ ಹಿಂದಿನ ಬಾಗಿಲಿನ ಕಡೆ ನಾನು ಹೋಗಿಯೇ ಇರಲಿಲ್ಲ. ಮರ ಹೇಗಿದೆ ಎಂದು ನೋಡಿರಲಿಲ್ಲ. ನೋಡಬೇಕು ಎಂದೂ ಅನ್ನಿಸಿರಲಿಲ್ಲ.

ಎದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಎರಡು ಮಸಾಲೆ ದೋಸೆ ಹೇಳಿದರು. ಒಳಗೆ ಕೂಗಿ ಹೇಳಿ, ಅವರಿಗೆ ನೀರಿಟ್ಟು, ಗಲ್ಲಾದಲ್ಲೇ ಕುಳಿತೆ.